ಬದಲಿ ಕೀಲಿನ ಆಯುಸ್ಸನ್ನು ಅಳೆಯುವುದು ಹೇಗೆ?

ಆಟಿ ತಿಂಗಳ ಮಳೆ ಹಿಡಿದು ಕುಳಿತಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯ ಮನೆಯಂಗಳಗಳಲ್ಲಿ ಹಾವಸೆ ಕಟ್ಟದ ಕಲ್ಲಿಲ್ಲ. ಬಾವಿಕಟ್ಟೆಯಿಂದ ಅಡಿಗೆಮನೆಯವರೆಗೆ ಅಡಿಕೆ ಸೋಗೆಯನ್ನು ಹಾಸಿ ಅದರ ಮೇಲೆ ಕಾಲಿಟ್ಟು ನಡೆಯುವುದು ರೂಢಿ. 2008ರ ಆಟಿಯಲ್ಲಿ ಸಿದ್ದಕಟ್ಟೆಯ ಸಮೀಪದ ಮನೆಯೊಂದರಲ್ಲಿ ನನ್ನ ಸೋದರತ್ತೆ ಆ ಸೋಗೆಯಿಂದ ಒಂದೇ ಒಂದು ಹೆಜ್ಜೆ ಆಚೆಗಿಟ್ಟು ಜಾರಿ ಬಿದ್ದರು. ತೊಡೆಯೆಲುಬಿನ ಕೊರಳು ಮುರಿಯಿತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ನಡೆದು ಸೊಂಟಕ್ಕೆ ಕೃತಕ ಕೀಲನ್ನು ಜೋಡಿಸಿದರು. ಮೂರು ತಿಂಗಳಲ್ಲಿ ಅತ್ತೆ ಕೋಲಿಲ್ಲದೆ ನಡೆದರು; ಊರವರೆಲ್ಲ ಬಂದು ನೋಡಿಹೋದರು.

ಹತ್ತು ವರ್ಷಗಳ ತರುವಾಯ, 2018ರಲ್ಲಿ, ದೋಷಯುಕ್ತ ಸೊಂಟದ ಕೀಲುಗಳ ವಿಚಾರವಾಗಿ ಕೇಂದ್ರ ಸರಕಾರದ ಸಮಿತಿಯೊಂದು ಸಲ್ಲಿಸಿದ ವರದಿಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಆಗ ನಾನು ಮೂಡುಬಿದಿರೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕ. ಆ ವಾರವೇ ಸಿದ್ದಕಟ್ಟೆಯ ಬಸ್ಸು ಹತ್ತಿದೆ. "ಅತ್ತೆ, ನಿಮಗೆ ಹಾಕಿದ ಕೀಲು ಯಾರು ತಯಾರಿಸಿದ್ದು?" ಎಂದು ಕೇಳಿದರೆ ಅವರು ನಕ್ಕುಬಿಟ್ಟರು. "ಅದೆಲ್ಲ ನನಗೇನು ಗೊತ್ತು ಮಗಾ, ಕಬ್ಬಿಣದ್ದು" ಎಂದರು. ಆಸ್ಪತ್ರೆಯ ಕಾಗದಗಳನ್ನು ಇಟ್ಟಿದ್ದ ಪೆಟ್ಟಿಗೆಯನ್ನು ತೆರೆದರೆ ಅದರೊಳಗೆ ಗೆದ್ದಲು ಮನೆಕಟ್ಟಿ ವರ್ಷಗಳಾಗಿದ್ದುವು.

ಒಬ್ಬ ವ್ಯಕ್ತಿಯ ಶರೀರದಲ್ಲಿ ಹತ್ತು ವರ್ಷಗಳಿಂದ ಇರುವ ವಸ್ತು ಯಾವುದೆಂದು ಆ ವ್ಯಕ್ತಿಗಾಗಲಿ ಮನೆಯವರಿಗಾಗಲಿ ತಿಳಿಯದು. ತಿಳಿದರೆ ಏನು ಪ್ರಯೋಜನ, ತಿಳಿಯದಿದ್ದರೆ ಏನು ಹಾನಿ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕೀಲಿನ ಯಂತ್ರವನ್ನು ನೋಡೋಣ. ತೊಡೆಯೆಲುಬಿನ ತುದಿ ಒಂದು ಗುಂಡು. ಅದು ಸೊಂಟದೆಲುಬಿನ ಬಟ್ಟಲಿನಂಥ ಕುಳಿಯೊಳಗೆ ತಿರುಗುತ್ತದೆ. ನಾವು ನಡೆಯುವಾಗ ಒಂದು ಕಾಲು ಎತ್ತಿದ ಕ್ಷಣದಲ್ಲಿ ಶರೀರದ ಭಾರವೆಲ್ಲ ಇನ್ನೊಂದು ಕೀಲಿನ ಮೇಲೆ ಬೀಳುವುದಷ್ಟೇ ಅಲ್ಲ, ಶರೀರ ಪಕ್ಕಕ್ಕೆ ವಾಲದಂತೆ ಸೊಂಟದ ಹೊರಬದಿಯ ಸ್ನಾಯುಗಳೂ ಬಲವಾಗಿ ಎಳೆಯಬೇಕಾಗುತ್ತದೆ. ಈ ಸ್ನಾಯುಗಳು ಸನ್ನೆಕೋಲಿನ ಗಿಡ್ಡ ತೋಳಿನಲ್ಲಿ ಎಳೆಯುತ್ತವೆ. ಶರೀರದ ಭಾರವಾದರೋ ಉದ್ದ ತೋಳಿನಲ್ಲಿದೆ. ಹೀಗಾಗಿ ಸಾಧಾರಣ ನಡಿಗೆಯಲ್ಲಿಯೇ ಕೀಲಿನ ಮೇಲಿನ ಒತ್ತಡ ಶರೀರಭಾರದ ಎರಡೂವರೆ ಪಾಲಿನಷ್ಟಾಗುತ್ತದೆ. 60 ಕಿಲೋಗ್ರಾಂ ತೂಗುವವರ ಕೀಲು 150 ಕಿಲೋಗ್ರಾಂ ಹೊತ್ತಂತೆ. ಮೂರು ಅಕ್ಕಿಮೂಟೆಗಳನ್ನು ಹೊತ್ತು ವರ್ಷಕ್ಕೆ ಸುಮಾರು ಹತ್ತು ಲಕ್ಷ ಬಾರಿ ಅತ್ತಿತ್ತ ತಿರುಗಿದಂತೆ. ಎಣ್ಣೆ ಬಿಡದೆ ಇಷ್ಟು ದುಡಿಯುವ ತಿರುಗಣಿಯನ್ನು ಯಾವ ಕಮ್ಮಾರನೂ ಮಾಡಿಕೊಡಲಾರನು.

ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು 1958ರ ಸುಮಾರಿಗೆ ಬಟ್ಟಲಿಗಾಗಿ ಟೆಫ್ಲಾನನ್ನು ಆರಿಸಿಕೊಂಡರು. ಘರ್ಷಣೆ ಅತ್ಯಲ್ಪ, ಪ್ರಯೋಗಶಾಲೆಯಲ್ಲಿ ಅದಕ್ಕಿಂತ ಉತ್ತಮವಾದುದು ಇನ್ನೊಂದಿರಲಿಲ್ಲ. ಆದರೆ ಜಾರುವ ಗುಣ ಬೇರೆ, ಸವೆಯದ ಗುಣ ಬೇರೆ. ಸುಮಾರು 300 ರೋಗಿಗಳಿಗೆ ಜೋಡಿಸಿದ ಮೇಲೆ, ಎರಡು ಮೂರು ವರ್ಷಗಳಲ್ಲಿಯೇ ಬಟ್ಟಲುಗಳು ಸವೆದು, ಅವುಗಳ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತು. ಚಾರ್ನ್ಲಿಯವರು ತಾವು ಜೋಡಿಸಿದುದನ್ನು ತಾವೇ ಮತ್ತೆ ತೆಗೆಯಬೇಕಾಯಿತು. 1962ರ ನವೆಂಬರಿನಿಂದ ಅವರು ಬಳಸಿದ ಅತಿದೀರ್ಘ ಅಣುಗಳ ಪಾಲಿಥೀನ್ ಬಟ್ಟಲೇ ಇಂದಿನ ಕೀಲುಗಳಿಗೆ ಮೂಲಪುರುಷ.

ಟೆಫ್ಲಾನಿನ ದೋಷ ಬೇಗನೆ ಕಂಡುಬಂದುದೇಕೆ? ಅದು ಹೆಚ್ಚುಕಡಮೆ ಎಲ್ಲರಲ್ಲಿಯೂ ಕೆಟ್ಟಿತು. ಅಷ್ಟು ದೊಡ್ಡ ದೋಷವನ್ನು ಬರಿಗಣ್ಣೇ ಕಾಣುತ್ತದೆ. ಬಚ್ಚಿಟ್ಟುಕೊಳ್ಳುವುದು ಸಣ್ಣ ದೋಷ.

ಉದಾಹರಣೆಗೆ ಹೀಗೆ ಭಾವಿಸೋಣ: ಒಳ್ಳೆಯ ಕೀಲು ಐದು ವರ್ಷಗಳೊಳಗೆ 100ಕ್ಕೆ 3 ಕೆಡುತ್ತದೆ, ಕೆಟ್ಟ ತಯಾರಿಕೆಯದು 100ಕ್ಕೆ 12. ನಾಲ್ಕು ಪಾಲು ವ್ಯತ್ಯಾಸ! ಇದು ಯಾರಿಗಾದರೂ ಕಂಡೀತು ಎನ್ನುವಿರಾ? ಒಬ್ಬ ವೈದ್ಯರು ಕೆಟ್ಟ ಕೀಲನ್ನು 10 ಮಂದಿಗೆ ಜೋಡಿಸಿದ್ದಾರೆಂದಿರಲಿ. ಹತ್ತರಲ್ಲಿ ಒಂದೂ ಕೆಡದಿರುವ ಸಂಭವ 0.88ನ್ನು ಹತ್ತು ಸಲ ಗುಣಿಸಿದಷ್ಟು, ಎಂದರೆ 100ಕ್ಕೆ 28. ಹಾಗೆಂದರೆ ಕೆಟ್ಟ ಕೀಲನ್ನು ಬಳಸಿದ ನಾಲ್ವರು ವೈದ್ಯರಲ್ಲಿ ಒಬ್ಬರಾದರೂ "ಇದು ಬಹಳ ಒಳ್ಳೆಯದು, ಒಂದೂ ಕೆಡಲಿಲ್ಲ" ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಇತ್ತ ಒಳ್ಳೆಯ ಕೀಲನ್ನು 10 ಮಂದಿಗೆ ಜೋಡಿಸಿದವರಲ್ಲಿಯೂ 100ಕ್ಕೆ 26 ವೈದ್ಯರು ಒಂದಾದರೂ ಕೆಟ್ಟುದನ್ನು ಕಂಡು ಅದನ್ನು ಶಂಕಿಸಬಹುದು. ಇಬ್ಬರೂ ಸುಳ್ಳು ಹೇಳಿದವರಲ್ಲ, ಇಬ್ಬರೂ ತಪ್ಪಿದವರು.

ಈಗ ಸಾವಿರ ರೋಗಿಗಳನ್ನು ಒಂದೇ ಪಟ್ಟಿಗೆ ಸೇರಿಸಿರಿ. ಒಳ್ಳೆಯ ಕೀಲಾದರೆ 30 ಕೆಡಬೇಕು. ವಿಕಿರಣವನ್ನು ಎಣಿಸುವ ಗೈಗರ್ ಯಂತ್ರವನ್ನು ಬಳಸಿದ ವಿದ್ಯಾರ್ಥಿಗಳಿಗೆ ಒಂದು ಮಾತು ನೆನಪಿರಬಹುದು: ಆಕಸ್ಮಿಕವಾಗಿ ನಡೆಯುವ ಸಂಗತಿಗಳನ್ನು ಎಣಿಸಿದಾಗ ಸಂಖ್ಯೆಯ ಏರಿಳಿತ ಅದರ ವರ್ಗಮೂಲದಷ್ಟಿರುತ್ತದೆ. 30ರ ವರ್ಗಮೂಲ ಸುಮಾರು ಐದೂವರೆ. ಆದುದರಿಂದ 25 ಕೆಟ್ಟರೂ 36 ಕೆಟ್ಟರೂ ಅಚ್ಚರಿಯಿಲ್ಲ. ಆದರೆ 120 ಕೆಟ್ಟರೆ ಅದನ್ನು ಅದೃಷ್ಟದ ಮೇಲೆ ಹೊರಿಸಲು ಸಾಧ್ಯವೇ ಇಲ್ಲ. ಹತ್ತು ರೋಗಿಗಳಲ್ಲಿ ಮರೆಯಾಗಿದ್ದ ದೋಷ ಸಾವಿರ ಮಂದಿಯಲ್ಲಿ ಹಗಲಿನಷ್ಟು ಸ್ಪಷ್ಟವಾಯಿತು. ಯಾವ ರೋಗಿಯನ್ನೂ ಹೆಚ್ಚು ಪರೀಕ್ಷಿಸಲಿಲ್ಲ. ಎಲ್ಲರ ಲೆಕ್ಕವನ್ನು ಒಂದೆಡೆ ಬರೆದೆವು, ಅಷ್ಟೇ.

ಇದನ್ನು ದೇಶದ ಮಟ್ಟದಲ್ಲಿ ಮೊದಲು ಮಾಡಿದವರು ಸ್ವೀಡನ್ನಿನವರು. 1975ರಲ್ಲಿ ಮೊಣಕಾಲಿನ ಕೀಲುಗಳಿಗೆ, 1979ರಲ್ಲಿ ಸೊಂಟದ ಕೀಲುಗಳಿಗೆ ಅಲ್ಲಿ ರಾಷ್ಟ್ರೀಯ ದಾಖಲೆಗಳು ಆರಂಭವಾದುವು. ಅಲ್ಲಿನ ಪ್ರತಿಯೊಬ್ಬ ನಿವಾಸಿಗೂ 1947ರಿಂದಲೇ ಒಂದು ಸ್ವಂತ ಸಂಖ್ಯೆಯಿದೆ. ಒಂದೂರಿನಲ್ಲಿ ಕೀಲು ಹಾಕಿಸಿಕೊಂಡವನು ಇನ್ನೊಂದೂರಿನಲ್ಲಿ ಅದನ್ನು ತೆಗೆಸಿಕೊಂಡರೂ ಎರಡು ಬರಹಗಳೂ ಆ ಸಂಖ್ಯೆಯಡಿ ಕೂಡಿಕೊಳ್ಳುತ್ತವೆ. ಈ ದಾಖಲೆಯಿಂದ ಕೀಲುಗಳ ಗುಣದೋಷ ಮಾತ್ರವಲ್ಲ, ಎಲುಬಿನೊಳಗೆ ಸಿಮೆಂಟನ್ನು ಕಲಸಿ ತುಂಬುವ ಕ್ರಮದಿಂದಲೂ ಕೀಲಿನ ಆಯುಸ್ಸು ಬದಲಾಗುವುದು ತಿಳಿಯಬಂದಿತು. ಫಿನ್ಲೆಂಡ್, ನಾರ್ವೆ, ಡೆನ್ಮಾರ್ಕ್, 1999ರಲ್ಲಿ ಆಸ್ಟ್ರೇಲಿಯ, 2003ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಇದೇ ದಾರಿ ಹಿಡಿದುವು. ಇಂಗ್ಲೆಂಡಿನ ದಾಖಲೆಯಲ್ಲಿ ಎಲ್ಲ ಬಗೆಯ ಕೀಲುಗಳೂ ಸೇರಿ ಈಗ ಮೂವತ್ತು ಲಕ್ಷಕ್ಕೂ ಮೀರಿದ ಶಸ್ತ್ರಚಿಕಿತ್ಸೆಗಳಿವೆ.

ಬರೆದಿಟ್ಟರಷ್ಟೇ ಸಾಲದು, ಎಣಿಸುವುದಕ್ಕೂ ವಿವೇಕ ಬೇಕು. ನಮ್ಮ ತಾಲೂಕುಗಳಿಂದ ಮುಂಬಯಿಗೂ ಕೊಲ್ಲಿ ರಾಜ್ಯಗಳಿಗೂ ಹೋಗಿ ನೆಲೆಸಿದವರೆಷ್ಟು ಮಂದಿ! ಮಂಗಳೂರಿನಲ್ಲಿ ಕೀಲು ಹಾಕಿಸಿಕೊಂಡವರು ಮುಂಬಯಿಯ ಮಗನ ಮನೆ ಸೇರಿದರೆ ಇಲ್ಲಿಯ ವೈದ್ಯರು ಅವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು? 100 ಮಂದಿಗೆ ಕೀಲು ಹಾಕಿದರೆಂದಿಟ್ಟುಕೊಳ್ಳೋಣ. ಮೊದಲ ಹತ್ತು ವರ್ಷಗಳಲ್ಲಿ 10 ಕೆಟ್ಟುವು. ಹತ್ತನೆಯ ವರ್ಷದ ಕೊನೆಗೆ 50 ಮಂದಿ ತೀರಿಕೊಂಡೋ ಊರುಬಿಟ್ಟೋ ಕಣ್ಮರೆಯಾದರು. ಉಳಿದ 40ರಲ್ಲಿ ಮುಂದಿನ ಹತ್ತು ವರ್ಷಗಳೊಳಗೆ ಮತ್ತೆ 10 ಕೆಟ್ಟುವು. "100ರಲ್ಲಿ ಕೆಟ್ಟದ್ದು 20, ನಿಂತದ್ದು 80" ಎಂದು ಹೇಳಲು ಆಸೆಯಾಗುತ್ತದೆ. ಆದರೆ ಕಣ್ಮರೆಯಾದ 50 ಮಂದಿಯ ಕೀಲು ಎರಡನೆಯ ದಶಕದಲ್ಲಿ ಏನಾಯಿತೆಂದು ನಾವು ನೋಡಿಯೇ ಇಲ್ಲ. ನೋಡಿದವರನ್ನು ಮಾತ್ರ ಲೆಕ್ಕಿಸಿದರೆ ಮೊದಲ ದಶಕವನ್ನು ದಾಟುವ ಪಾಲು 0.90, ಎರಡನೆಯದನ್ನು ದಾಟುವ ಪಾಲು 0.75, ಎರಡನ್ನೂ ಗುಣಿಸಿದರೆ 0.675. ಎಂದರೆ 80 ಅಲ್ಲ, ಅರುವತ್ತೇಳೂವರೆ. ಕಾಲವನ್ನು ತುಂಡುತುಂಡಾಗಿಸಿ ಹೀಗೆ ಗುಣಿಸುತ್ತ ಹೋಗುವ ಕ್ರಮವನ್ನು 1958ರಲ್ಲಿ ಕಪ್ಲನ್ ಮತ್ತು ಮಯರ್ ಎಂಬ ಇಬ್ಬರು ಅಮೆರಿಕದ ಗಣಿತಜ್ಞರು ಶಾಸ್ತ್ರೀಯವಾಗಿ ನಿರೂಪಿಸಿದರು. ಅವರ ವಿಧಾನವೂ ಪೂರ್ಣ ನಿರ್ದೋಷವೆನ್ನಲಾಗದು: ತೀರಿಕೊಂಡವರನ್ನೂ ಊರುಬಿಟ್ಟವರನ್ನೂ ಅದು ಒಂದೇ ರೀತಿ ಕಾಣುತ್ತದೆ. ತೀರಿಕೊಂಡವರ ಕೀಲು ಇನ್ನು ಕೆಡಲಾರದಷ್ಟೆ! ಆದುದರಿಂದ ತೀರ ವೃದ್ಧರಲ್ಲಿ ಮರುಚಿಕಿತ್ಸೆಯ ಸಂಭವವನ್ನು ಅದು ತುಸು ಹೆಚ್ಚಾಗಿಯೇ ತೋರಿಸುತ್ತದೆ.

2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ವಿಷಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ವೈದ್ಯರು ತಮ್ಮ ತಮ್ಮ ರೋಗಿಗಳ ಬಗೆಗೆ ಬರೆದ ಲೇಖನಗಳನ್ನು ಒಟ್ಟುಗೂಡಿಸಿದರೆ 25 ವರ್ಷಗಳ ಬಳಿಕ 100ರಲ್ಲಿ ಸುಮಾರು 78 ಸೊಂಟದ ಕೀಲುಗಳು ಬದಲಾಗದೆ ನಿಂತಿದ್ದುವು. ಆಸ್ಟ್ರೇಲಿಯ, ಫಿನ್ಲೆಂಡ್‌ಗಳ ರಾಷ್ಟ್ರೀಯ ದಾಖಲೆಗಳಲ್ಲಿದ್ದ ಎರಡು ಲಕ್ಷಕ್ಕೂ ಹೆಚ್ಚಿನ ಕೀಲುಗಳನ್ನು ನೋಡಿದರೆ ನಿಂತಿದ್ದುದು 58. ಈ ಇಪ್ಪತ್ತರ ಅಂತರ ಎಲ್ಲಿಂದ ಬಂದಿತು? ಲೇಖನ ಬರೆಯುವವರು ಹೆಚ್ಚಾಗಿ ನುರಿತ ಕೈಯವರು, ದೊಡ್ಡ ಆಸ್ಪತ್ರೆಯವರು, ಒಳ್ಳೆಯ ಫಲಿತಾಂಶವನ್ನು ಕಂಡವರು. ರಾಷ್ಟ್ರದ ದಾಖಲೆಗೆ ಆ ಆಯ್ಕೆಯಿಲ್ಲ. ಎಲ್ಲರ ಕೈಯೂ ಅಲ್ಲಿ ಬೀಳುತ್ತದೆ.

ಇನ್ನು ನನ್ನನ್ನು ಸಿದ್ದಕಟ್ಟೆಗೆ ಓಡಿಸಿದ ಕೀಲಿನ ಕಥೆಗೆ ಬರೋಣ. ಜಾನ್ಸನ್ ಅಂಡ್ ಜಾನ್ಸನ್ ಒಡೆತನದ ಡಿಪ್ಯೂ ಸಂಸ್ಥೆ ಎ.ಎಸ್.ಆರ್. ಎಂಬ ಹೆಸರಿನ ಕೀಲನ್ನು 2003ರಿಂದ ಮಾರಾಟಕ್ಕೆ ತಂದಿತು. ಪ್ಲಾಸ್ಟಿಕ್ಕು ಸವೆಯುತ್ತದಲ್ಲವೇ? ಅದನ್ನೇ ತೆಗೆದುಹಾಕಿ ಗುಂಡು, ಬಟ್ಟಲು ಎರಡನ್ನೂ ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದಿಂದಲೇ ಮಾಡಿದರು. ಗುಂಡು ದೊಡ್ಡದಾದಷ್ಟೂ ಕೀಲಿನ ದ್ರವ ನಡುವೆ ತೆಳುವಾದ ಪೊರೆಯಾಗಿ ನಿಂತು ಲೋಹಗಳು ಒಂದಕ್ಕೊಂದು ತಾಗದಂತೆ ತಡೆಯುವುದೆಂದು ಎಣಿಕೆ. ಕೇಳಲು ಸೊಗಸಾಗಿದೆ, ಪರೀಕ್ಷೆಯಲ್ಲಿ ಬರೆದರೆ ನಾನೂ ಪೂರ್ತಿ ಅಂಕ ಕೊಡುತ್ತಿದ್ದೆನೇನೋ. ಆದರೆ ಇದರ ಬಟ್ಟಲು ಅರ್ಧಗೋಲಕ್ಕಿಂತ ಆಳ ಕಡಮೆಯಾದುದು. ಜೋಡಿಸುವಾಗ ಸ್ವಲ್ಪ ಓರೆಯಾದರೂ ಗುಂಡು ಬಟ್ಟಲಿನ ಅಂಚನ್ನು ಒತ್ತುತ್ತದೆ. ಅಂಚಿನಲ್ಲಿ ದ್ರವದ ಪೊರೆ ಹರಿದು ಲೋಹ ಲೋಹವನ್ನು ಉಜ್ಜುತ್ತದೆ. ಕೋಬಾಲ್ಟ್, ಕ್ರೋಮಿಯಂಗಳ ಸೂಕ್ಷ್ಮ ಕಣಗಳು ಸುತ್ತಲಿನ ಮಾಂಸವನ್ನು ಹಾಳುಗೆಡವಿ ರಕ್ತಕ್ಕೂ ಸೇರುತ್ತವೆ.

ಈ ಕೀಲು ಎಣಿಕೆಗೆ ಮೀರಿ ಕೆಡುತ್ತಿದೆಯೆಂದು ಮೊದಲು ಎಚ್ಚರಿಸಿದುದು ಆಸ್ಟ್ರೇಲಿಯದ ದಾಖಲೆ, 2007ರಲ್ಲಿ. 2009ರ ಕೊನೆಗೆ ಆ ದೇಶದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದುಕೊಂಡರು. ಇಂಗ್ಲೆಂಡಿನ ದಾಖಲೆಯಲ್ಲಿ ಐದು ವರ್ಷಗಳೊಳಗೆ 100ಕ್ಕೆ 12–13 ಕೀಲುಗಳನ್ನು ಬದಲಿಸಬೇಕಾಗಿ ಬಂದುದು ಕಂಡಿತು. 2010ರ ಆಗಸ್ಟಿನಲ್ಲಿ ಸಂಸ್ಥೆ ಜಗತ್ತಿನಾದ್ಯಂತ ಮಾರಾಟವನ್ನು ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 93,000 ಮಂದಿಯ ಶರೀರದಲ್ಲಿ ಈ ಕೀಲು ಇದ್ದಿತು. ಎಚ್ಚರಿಕೆಗೂ ಹಿಂತೆಗೆತಕ್ಕೂ ನಡುವೆ ಮೂರು ವರ್ಷ ಕಳೆದುದು ಸಂಖ್ಯಾಶಾಸ್ತ್ರದ ತಪ್ಪಲ್ಲ.

ಭಾರತದಲ್ಲಿ ಎ.ಎಸ್.ಆರ್. ಜೋಡಿಸಿದ ಶಸ್ತ್ರಚಿಕಿತ್ಸೆಗಳು ಸುಮಾರು 4,700. ಅವರಲ್ಲಿ ಪತ್ತೆಯಾದವರು ಸಾವಿರಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ ಎಂಬುದು 2018ರಲ್ಲಿ ಬೆಳಕಿಗೆ ಬಂದಿತು. ಕೇಂದ್ರ ಆರೋಗ್ಯ ಸಚಿವಾಲಯ ನೇಮಿಸಿದ್ದ ತಜ್ಞರ ಸಮಿತಿ ಪ್ರತಿಯೊಬ್ಬ ಬಾಧಿತರಿಗೂ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಶಿಫಾರಸು ಮಾಡಿತು. ಆದರೆ ಕೊಡುವುದು ಯಾರಿಗೆ? ಹಣದ ಮಾತು ಹಾಗಿರಲಿ, ರಕ್ತವನ್ನು ಪರೀಕ್ಷಿಸಿಕೊಳ್ಳಿರೆಂದು ಹೇಳುವುದಾದರೂ ಯಾರಿಗೆ? ಮೂರೂವರೆ ಸಾವಿರ ಮಂದಿ ನಮ್ಮ ನಿಮ್ಮ ನಡುವೆಯೇ ಕುಂಟುತ್ತಲೋ ಕುಂಟದೆಯೋ ನಡೆದಾಡುತ್ತಿರಬೇಕು. ಕೀಲಿನ ಪೊಟ್ಟಣದೊಳಗೆ ತಯಾರಕರ ಹೆಸರು, ತಂಡದ ಸಂಖ್ಯೆಗಳನ್ನು ಅಚ್ಚುಮಾಡಿದ ಅಂಟುಚೀಟಿ ಇರುತ್ತದೆ. ಅದನ್ನು ರೋಗಿಯ ಕಡತದಲ್ಲಿ ಅಂಟಿಸುತ್ತಾರೆ. ಕಡತ ಇರುವವರೆಗೆ ಚೀಟಿ, ಗೆದ್ದಲು ಬರುವವರೆಗೆ ಕಡತ.

ನಮ್ಮಲ್ಲಿ ಏನೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಸೊಂಟ ಮತ್ತು ಮೊಣಕಾಲಿನ ಶಸ್ತ್ರವೈದ್ಯರ ಭಾರತೀಯ ಸಂಘವು 2006ರ ಸುಮಾರಿನಿಂದ ಒಂದು ದಾಖಲೆಯನ್ನು ನಡೆಸುತ್ತ ಬಂದಿದೆ. 2013ರಲ್ಲಿ ಪ್ರಕಟವಾದ ಅದರ ಪ್ರಾಥಮಿಕ ವರದಿಯಲ್ಲಿ 34,000ಕ್ಕೂ ಹೆಚ್ಚು ಮೊಣಕಾಲಿನ ಕೀಲುಗಳೂ ಸುಮಾರು 3,600 ಸೊಂಟದ ಕೀಲುಗಳೂ ಇದ್ದುವು. ಅದರಲ್ಲಿ ಒಂದು ವಿಶೇಷ ಸಂಗತಿ ಕಂಡುಬಂದಿತು. ಪಶ್ಚಿಮ ದೇಶಗಳಲ್ಲಿ ಸೊಂಟದ ಕೀಲು ಬದಲಿಸಲು ಮುಖ್ಯ ಕಾರಣ ಮುಪ್ಪಿನ ಸಂಧಿವಾತ. ನಮ್ಮಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಸಂಚಾರ ನಿಂತು ಗುಂಡು ಸತ್ತುಹೋಗುವ ರೋಗ. ಈ ರೋಗ ಎಳೆಯರನ್ನೂ ಬಿಡದು. ಬೆಳ್ತಂಗಡಿಯ ತೋಟದಲ್ಲಿ ಅಡಿಕೆ ಮರದಿಂದ ಬಿದ್ದು ಗುಂಡಿನ ರಕ್ತನಾಳ ಹರಿದುಕೊಂಡ ತರುಣನಿಗೆ ಮೂವತ್ತರಲ್ಲಿಯೇ ಕೃತಕ ಕೀಲು ಬೇಕಾಗಬಹುದು. ಅದು ಅವನಿಗೆ ನಲುವತ್ತು ವರ್ಷ ಬರಬೇಕು. ಎಪ್ಪತ್ತರ ಸ್ವೀಡನ್ನಿನ ಅಜ್ಜನ ಲೆಕ್ಕದಿಂದ ಇವನ ಭವಿಷ್ಯವನ್ನು ಹೇಳಬಹುದೇ? ಆದರೆ ಆ ದಾಖಲೆಗೆ ವೈದ್ಯರು ತಾವಾಗಿ ಬರೆದು ಕಳುಹಿಸಬೇಕು; ಕಡ್ಡಾಯವಿಲ್ಲ. ಉಪಕರಣಗಳ ದೋಷಗಳನ್ನು ವರದಿ ಮಾಡುವ ಕೇಂದ್ರ ಸರಕಾರದ ಯೋಜನೆಯೊಂದು 2015ರಲ್ಲಿ ಆರಂಭವಾಯಿತು. ಅದೂ ಕೆಟ್ಟುದನ್ನು ಕೇಳುತ್ತದೆಯೇ ಹೊರತು ಕೆಡದೆ ನಿಂತುದೆಷ್ಟೆಂದು ಎಣಿಸುವುದಿಲ್ಲ. ಭಾಜಕವೇ ಇಲ್ಲದ ಭಿನ್ನರಾಶಿಯಂತೆ.

ಮನೆಮನೆಯ ಪಟ್ಟಿಯಿಂದ ಏನಾಗಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1974–75ರ ಸುಮಾರಿಗೆ ಬಡ ಕೃಷಿಕಾರ್ಮಿಕರ ಕುಟುಂಬಗಳಲ್ಲಿ ಸೊಂಟದ ಕೀಲುಗಳನ್ನು ತಿನ್ನುವ ಒಂದು ರೋಗ ಬೆಳಕಿಗೆ ಬಂದಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಶರೀರಕ್ಕೆ ಸೇರಿರಬಹುದೆಂದು ಮೊದಲಿಗೆ ಶಂಕಿಸಿದ್ದರು. ತಜ್ಞರು ಕುಟುಂಬ ಕುಟುಂಬಗಳನ್ನೇ ತಲೆಮಾರಿನ ಪ್ರಕಾರ ಪಟ್ಟಿಮಾಡಿದ ಮೇಲೆ, ತಂದೆ ತಾಯಿಗಳಲ್ಲಿ ಒಬ್ಬರಿಂದ ಮಕ್ಕಳಿಗೆ ಇಳಿದುಬರುವ ವಂಶಪಾರಂಪರ್ಯದ ರೋಗವೆಂದು ತಿಳಿಯಬಂದಿತು. ಒಬ್ಬ ರೋಗಿಯ ಕೀಲನ್ನು ಎಷ್ಟು ನೋಡಿದರೂ ಈ ಮಾತು ಹೊರಡುತ್ತಿರಲಿಲ್ಲ.

ಪಟ್ಟಿಯಲ್ಲಿ ಏನನ್ನು ಬರೆಯಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. ಕೀಲು ಚೆನ್ನಾಗಿದೆಯೇ ಎಂದು ತಿಳಿಯಲು ಅಮೆರಿಕದ ಹ್ಯಾರಿಸ್ ಎಂಬ ವೈದ್ಯರು 1969ರಲ್ಲಿ ರೂಪಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಬೂಟು, ಕಾಲುಚೀಲ ಹಾಕಿಕೊಳ್ಳಬಲ್ಲಿರಾ? ಕುರ್ಚಿಯಲ್ಲಿ ಒಂದು ಗಂಟೆ ಕುಳಿತಿರಬಲ್ಲಿರಾ? ಎಂದು ಅದು ಕೇಳುತ್ತದೆ. ನನ್ನ ಅತ್ತೆ ಹುಟ್ಟಿದಂದಿನಿಂದ ಕಾಲುಚೀಲ ಕಂಡವರಲ್ಲ. ಬಂಟ್ವಾಳ, ಬೆಳ್ತಂಗಡಿಗಳ ಸಾವಿರಾರು ಹೆಂಗಸರು ಬೀಡಿಯ ಮೊರವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತು ದಿನಗಳೆಯುವವರು. ತೆಂಗಿನಕಾಯಿ ತುರಿಯುವುದು ಹೆರೆಮಣೆಯ ಮೇಲೆ, ಶೌಚಕ್ಕೆ ಕುಕ್ಕುರುಗಾಲು. ತೊಡೆಯನ್ನು ಅಷ್ಟು ಮಡಚಿದಾಗ ಗುಂಡು ಬಟ್ಟಲಿನಿಂದ ಹೊರಗೆ ಜಾರುವ ಭಯವಿದೆಯೆಂದು ವೈದ್ಯರು ನೆಲದ ಮೇಲೆ ಕೂರಬಾರದೆನ್ನುತ್ತಾರೆ. ಎಷ್ಟು ಮಂದಿ ಆ ಮಾತನ್ನು ಪಾಲಿಸಿದರು, ಪಾಲಿಸದವರ ಕೀಲು ಎಷ್ಟು ಬೇಗ ಸವೆಯಿತು ಎಂಬ ಪ್ರಶ್ನೆಗಳಿಗೆ ಸ್ವೀಡನ್ನಿನ ದಾಖಲೆ ಉತ್ತರ ಕೊಡಲಾರದು. ಅದನ್ನು ಬರೆಯಬೇಕಾದವರು ನಾವೇ.

ದಾಖಲೆಗಳ ದೌರ್ಬಲ್ಯವನ್ನೂ ಹೇಳಬೇಕು. ಅವು 'ಕೆಟ್ಟಿತು' ಎಂದು ಬರೆಯುವುದು ಎರಡನೆಯ ಶಸ್ತ್ರಚಿಕಿತ್ಸೆ ನಡೆದಾಗ ಮಾತ್ರ. ನೋವಿದ್ದರೂ ಹಣವಿಲ್ಲದೆ ಸುಮ್ಮನಿದ್ದವರು ಯಶಸ್ಸಿನ ಕಡೆಗೇ ಸೇರಿಬಿಡುತ್ತಾರೆ. ಸ್ವೀಡನ್ನಿನವರು 2002ರಿಂದ ರೋಗಿಗಳನ್ನೇ ನೋವು ಹೇಗಿದೆಯೆಂದು ಕೇಳಿ ಬರೆದುಕೊಳ್ಳತೊಡಗಿದುದು ಇದೇ ಕಾರಣಕ್ಕೆ. ಮತ್ತೊಂದು ತೊಡಕು: ಹೊಸ ಮಾದರಿಯ ಕೀಲನ್ನು ವೈದ್ಯರು ಹೆಚ್ಚಾಗಿ ಎಳೆಯರಿಗೆ, ಬಹಳ ಓಡಾಡುವವರಿಗೆ ಹಾಕುತ್ತಾರೆ. ಅದು ಬೇಗ ಕೆಟ್ಟರೆ ತಪ್ಪು ಕೀಲಿನದೋ ಓಡಾಟದ್ದೋ? ವಯಸ್ಸು, ಲಿಂಗ, ರೋಗ ಇವುಗಳಲ್ಲಿ ಸಮಾನರಾದವರನ್ನೇ ಹೋಲಿಸಬೇಕು. ಹಾಗೆ ಭಾಗಿಸುತ್ತ ಹೋದಂತೆ ಪ್ರತಿ ಗುಂಪೂ ಚಿಕ್ಕದಾಗುತ್ತದೆ. ಲಕ್ಷಗಟ್ಟಲೆ ಹೆಸರುಗಳು ಬೇಕಾಗುವುದು ಆಗಲೇ.

ನನ್ನ ತರಗತಿಯಲ್ಲಿ ಮೂರೂ ತಾಲೂಕುಗಳ ವಿದ್ಯಾರ್ಥಿಗಳಿದ್ದಾರೆ. ಮನೆಯಲ್ಲಿ ಯಾರಿಗಾದರೂ ಕೃತಕ ಕೀಲಿದೆಯೇ ಎಂದು ಕೇಳಿದಾಗ ಹಲವು ಕೈಗಳು ಮೇಲೆದ್ದುವು. ಅದನ್ನು ತಯಾರಿಸಿದವರಾರೆಂದು ಕೇಳಿದಾಗ ಎಲ್ಲ ಕೈಗಳೂ ಇಳಿದುವು.

ಅತ್ತೆಯ ವಿಚಾರ ಏನಾಯಿತೆಂದು ವಾಚಕರು ಕೇಳಬಹುದು. ಕಾಗದ ಹೋದರೂ 2008ರ ಕ್ಷಕಿರಣದ ಚಿತ್ರ ಕಪಾಟಿನ ಹಿಂದೆ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಿಳಿಯ ಗುಂಡಿಗೂ ಬಿಳಿಯ ಬಟ್ಟಲಿಗೂ ನಡುವೆ ಬಿದಿಗೆಯ ಚಂದ್ರನಂತೆ ಕಪ್ಪು ಅಂತರವಿದ್ದಿತು. ಇಂಗಾಲ, ಜಲಜನಕಗಳಂಥ ಹಗುರ ಪರಮಾಣುಗಳಿಂದಾದ ಪಾಲಿಥೀನಿನ ಮೂಲಕ ಕ್ಷಕಿರಣಗಳು ಸುಲಭವಾಗಿ ದಾಟಿಹೋಗುತ್ತವೆ. ಲೋಹಕ್ಕೆ ಲೋಹ ತಾಗುವ ಕೀಲಾಗಿದ್ದರೆ ಆ ಅಂತರ ಕಾಣುತ್ತಿರಲಿಲ್ಲ. "ಅತ್ತೆ, ನಿಮ್ಮದು ಆ ಜಾತಿಯದಲ್ಲ" ಎಂದೆ. "ಹಾಗಾದರೆ ಯಾವ ಜಾತಿಯದು?" ಎಂದರು. ಅದನ್ನು ಚಿತ್ರ ಹೇಳುವುದಿಲ್ಲ. ವೈದ್ಯರು ಹೊಸ ಚಿತ್ರವೊಂದನ್ನು ತೆಗೆಸಿ ಹಳೆಯದರ ಪಕ್ಕದಲ್ಲಿಟ್ಟು ನೋಡಿದರು. ಗುಂಡು ಬಟ್ಟಲಿನೊಳಗೆ ಮೇಲ್ಮುಖವಾಗಿ ಸುಮಾರು ಒಂದು ಮಿಲಿಮೀಟರು ಸರಿದಿದ್ದಿತು. ಹತ್ತು ವರ್ಷಗಳಿಗೆ ಅಷ್ಟು ಸವೆತ ಸಹಜವೆಂದು ಹೇಳಿ, ವರ್ಷಕ್ಕೊಮ್ಮೆ ಬನ್ನಿರೆಂದರು. ಹೆರೆಮಣೆಯ ಮೇಲೆ ಕುಳಿತುಕೊಳ್ಳುವಿರಾ ಎಂದು ಅವರು ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಆ ಒಂದು ಮಿಲಿಮೀಟರು ಯಾವ ಪಟ್ಟಿಯನ್ನೂ ಸೇರಿಲ್ಲ. ಎರಡು ಚಿತ್ರಗಳೂ ಈಗ ಪ್ಲಾಸ್ಟಿಕ್ ಚೀಲವೊಂದರಲ್ಲಿ, ಕಪಾಟಿನ ಮೇಲಿನ ಹಲಗೆಯಲ್ಲಿ ಇವೆ.